ಮನ್ಯಾಗ ಕೂತು ಮಾಡೋ ನೌಕರಿ: ಹಿಂದಿನ ಕಥಿ ಒಂಚೂರು

‘ವರ್ಕ್ ಫ್ರಾಮ್ ಹೋಮ್’ ಅನ್ನೋ ಮಾತು ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಮನಿಮನಿಗೆ ಬಂದದ್ದು 2020ರ ಮಾರ್ಚ್ ತಿಂಗಳದಾಗ. 22ಕ್ಕ ಜನತಾ ಕರ್ಫ್ಯೂ ಆತು, 25ರಿಂದ ಲಾಕ್‌ಡೌನ್ ಸುರು ಆತು. ಅದರ ಹಿಂದ-ಮುಂದ ಬೆಂಗಳೂರು, ಪುಣೆದಾಗ ಕಂಪನಿ ಕೆಲಸಕ್ಕಿದ್ದ ಹುಡುಗೂರೆಲ್ಲಾ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಊರಿಗೆ ಬಂದು ಇಳದ್ರು. ಹದಿನೈದು-ಇಪ್ಪತ್ತು ದಿನದ ಮಾತು ಅಂತ ನಾವೂ ದಿನಾ ಒಂದೊಂದು ಥರಾ ಅಡಗಿ ಮಾಡಿ ಹಾಕಿದ್ವಿ. ಹದಿನೈದು ದಿನ ಹೋಗಿ ಎರಡು ವರ್ಷ ಆತು. ಕೆಲವರ ಮನ್ಯಾಗ ಅದು ಇನ್ನೂ ಮುಗದಿಲ್ಲ. ನಮ್ಮ ಮನ್ಯಾಗೂ ಮುಗದಿಲ್ಲ.

ಹೆಣ್ಮಕ್ಕಳು ನಾಲ್ಕು ಮಂದಿ ಕೂಡಿದಲ್ಲೆ ಈ ವಿಷಯಕ್ಕ ಎರಡು ಮಾತು ಬಂದ ಬರ್ತಾವ. ಒಂದು, “ನಿಮ್ಮ ಸೊಸಿಗೇನ್ರಿ ವೈನಿ, ಮನ್ಯಾಗ ಕೂತಲ್ಲೆ ಪಗಾರ ಬರ್ತದ, ಆರಾಮ.” ಇನ್ನೊಂದು, “ನಮ್ಮ ಕಾಲಕ್ಕ ಇಂಥಾದ್ದೆಲ್ಲಾ ಎಲ್ಲಿತ್ರಿ?” ಆರಾಮದ ಮಾತು ಆಮ್ಯಾಲ ನೋಡೋಣು. ಎರಡನೇದಕ್ಕ ಮಾತ್ರ ಈಗ ಉತ್ತರ ಕೊಡ್ತೀನಿ: ಇತ್ತು. ನಮ್ಮ ಕಾಲಕ್ಕೂ ಇತ್ತು, ನಮ್ಮ ಅಜ್ಜಿ-ಮುತ್ತಜ್ಜಿ ಕಾಲಕ್ಕಂತೂ ಅದೊಂದ ಇತ್ತು. ಮನಿ ಬ್ಯಾರೆ, ಕೆಲಸದ ಜಾಗಾ ಬ್ಯಾರೆ ಅನ್ನೋದ ಹೊಸಾದು.

ಇಳಕಲ್ಲಿಗೆ, ಗುಳೇದಗುಡ್ಡಕ್ಕ ಹೋಗಿ ಬಂದವರು ನೋಡಿರ್ತೀರಿ. ಮನಿ ಒಳಗ ಕಾಲಿಟ್ಟ ಕೂಡ್ಲೆ ನೆಲಾ ತೋಡಿ ಕೂಡ್ಸಿದ ಮಗ್ಗ. ನಾವು ಲಗ್ನ-ಮುಂಜಿವ್ಯಾಗ ಉಡೋ ಇಳಕಲ್ ಸೀರಿ, ಕುಬಸಕ್ಕ ಹೊಲಸೋ ಗುಳೇದಗುಡ್ಡದ ಖಣ ಹುಟ್ಟಿದ್ದು ಫ್ಯಾಕ್ಟರ್‍ಯಾಗಲ್ಲ, ಹಿಂತಾ ಮನಿಗಳೊಳಗ. ಗಂಡಸು ಕುಣಿಯೊಳಗ ಕಾಲು ಇಳಿಬಿಟ್ಟು ಕೂತು ಲಾಳಿ ಆಡಸ್ತಿದ್ದ. ಹೆಂಗಸು ಬಾಜೂಕ ಕೂತು ಕಂಡಿಕಿ ಸುತ್ತತಿದ್ಲು, ನಡುವ ಎದ್ದು ರೊಟ್ಟಿ ಬಡದು ಬರ್ತಿದ್ಲು, ಕೂಸು ಅತ್ರ ತೊಟ್ಲಾ ತೂಗಿ ಬರ್ತಿದ್ಲು. ಇಳಕಲ್ ಸೀರಿ ಮೈಗೂ ಸೆರಗಿಗೂ ಒಂದೊಂದ ಎಳಿ ಕೊಂಡಿ ಹಾಕಿ ಜೋಡಿಸೋದು ಇರ್ತದ, ಕಣ್ಣು ಕೀಳೋ ಅಂಥಾ ಕೆಲಸ. ಆದ್ರ ಮಜೂರಿ ಲೆಕ್ಕಾ ಸೀರಿಗೆ ಇಷ್ಟು ಅಂತ, ಅದು ನೇಯ್ದವನ ಕೈಗೆ. ಕಂಡಿಕಿ ಸುತ್ತಿದಾಕಿ ಹೆಸರು ಯಾವ ಲೆಕ್ಕದ ವಹಿಯೊಳಗೂ ಇರಲಿಲ್ಲ. ಆಕಿ ‘ಮನ್ಯಾಗ ಇರೋದು’, ಅಷ್ಟ.

ಇದನ್ನ ಮೊದಲ ಯಾಕ ಹೇಳ್ದೆ ಅಂದ್ರ, ಕೆಲಸ ಮನಿಯೊಳಗ ಬಂದಾಗೆಲ್ಲಾ ಹಿಂಗ ಆಗ್ಯದ. ಆ ಕೆಲಸಕ್ಕ ಬೇಕಾದ ಜಾಗಾ, ಹೊತ್ತು, ಗಪ್‌ಚುಪ್ ಇರೋದು, ಇದೆಲ್ಲಾ ಯಾರೋ ಒಬ್ಬರು ತಮ್ಮ ಪಾಲಿಂದ ತಗದು ಕೊಡಬೇಕಾಗ್ತದ. ಕೊಡೋದು ಬಹಳ ಸಲ ಒಬ್ಬಾಕಿನ.

ನಮಗೆಲ್ಲಾ ಗೊತ್ತಿರೋ ಇನ್ನೊಂದು ನೋಡ್ರಿ, ಲಿಜ್ಜತ್ ಹಪ್ಪಳ. 1959ರ ಮಾರ್ಚ್ 15ಕ್ಕ ಮುಂಬೈ ಗಿರಗಾಂವದಾಗ ಏಳು ಮಂದಿ ಹೆಣ್ಮಕ್ಕಳು 80 ರೂಪಾಯಿ ಸಾಲಾ ಮಾಡಿ, ಗಚ್ಚಿ ಮ್ಯಾಲ ಕೂತು ಹಪ್ಪಳ ಲಟ್ಟಸ್ಲಿಕ್ಕೆ ಸುರು ಮಾಡಿದ್ರು. ಆಮ್ಯಾಲ ಅದು ಎಷ್ಟು ಬೆಳೀತು ಅನ್ನೋದು ಎಲ್ಲಾರಿಗೂ ಗೊತ್ತದ. ನನಗ ಅದರಾಗ ಹಿಡಿಸಿದ್ದು ಅವರ ಪದ್ಧತಿ. ಮುಂಜಾನೆದ್ದು ಶಾಖೆಗೆ ಹೋಗಿ ನಾದಿದ ಹಿಟ್ಟು ತೂಗಿಸಿ ತರೋದು, ಮನ್ಯಾಗ ಲಟ್ಟಿಸಿ ಒಣಗ್ಸೋದು, ಮರುದಿನ ಹಪ್ಪಳ ತೂಗಿಸಿ ಕೊಟ್ಟು ರೊಕ್ಕಾ ತಗೊಂಡು ಮತ್ತ ಹಿಟ್ಟು ತರೋದು. ಹಿಟ್ಟು ಮುಗೀತಂದ್ರ ಅವತ್ತಿನ ಕೆಲಸ ಮುಗೀತು. ರಾತ್ರಿ ಒಂಬತ್ತಕ್ಕ ಯಾರೂ ಬಾಗಲಾ ಬಡದು “ಇನ್ನೊಂದು ಅರ್ಧಾ ಕಿಲೋ ಅರ್ಜೆಂಟ್ ಅದರೀ” ಅನ್ನಂಗಿಲ್ಲ.

ಹಂಗಂತ ಮನಿ ಕೆಲಸ ಎಲ್ಲಾ ಛಲೋ ಇತ್ತು ಅಂತ ಅಲ್ಲ. ಬೀಡಿ ಕಟ್ಟೋರ್‍ನ ಕೇಳ್ರಿ. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ, ತಂಬಾಕದ ಧೂಳಿ ಅಡಗಿ ಮನಿ ತನಕ, ಸಣ್ಣ ಹುಡುಗೂರ ಕೈನೂ ಅದಕ್ಕ ಹಚ್ಚೋದು. ಕಟ್ಟಿದ್ದರಾಗ ಒಂದಿಷ್ಟನ್ನ ‘ಬರೋಬ್ಬರಿ ಇಲ್ಲ’ ಅಂತ ಗುತ್ತಿಗಿದಾರ ತಗದು ಒಗದ್ರ ಆ ಹೊತ್ತೆಲ್ಲಾ ನೀರಾಗ ಹೋದಂಗ. 1966ರಾಗ ಬೀಡಿ ಕೆಲಸಗಾರರ ಕಾಯದೆ ಬಂದಾಗ ಮನ್ಯಾಗ ಕೂತು ಕಟ್ಟೋರನ್ನೂ ಕೆಲಸಗಾರರು ಅಂತ ಅದರೊಳಗ ಸೇರಿಸಿದ್ರು. ದೊಡ್ಡ ಮಾತದು. ಯಾಕಂದ್ರ ಅದಕ್ಕ ಮೊದಲು, ಆಮ್ಯಾಲೂ ಬಹಳ ಕಡೆ, ಮನ್ಯಾಗ ದುಡಿಯಾಕಿ ಕೆಲಸಗಾರ್ತಿ ಹೌದೋ ಅಲ್ಲೋ ಅನ್ನೋದ ವಾದಾ ಇತ್ತು. 1972ರಾಗ ಅಹಮದಾಬಾದದಾಗ ಇಳಾ ಭಟ್ ಅವರು ‘ಸೇವಾ’ ಅಂತ ಹೆಣ್ಮಕ್ಕಳ ಸಂಘ ನೋಂದಣಿ ಮಾಡಸ್ಲಿಕ್ಕೆ ಹೋದಾಗ, ಇವರಿಗೆ ಮಾಲಕನ ಇಲ್ಲ, ಯೂನಿಯನ್ ಹೆಂಗ ಆಗ್ತದ ಅಂತ ಸರಕಾರದವರು ಅಡ್ಡ ಹಾಕಿದ್ರು. ಅವರು ಬಿಡಲಿಲ್ಲ. ಹಟಾ ಹಿಡದು ನೋಂದಣಿ ಮಾಡಿಸಿದ್ರು. ಅಂಥವರು ದನಿ ಎತ್ತಿದ್ದರಿಂದನ 1996ರಾಗ ಜಗತ್ತಿನ ಕಾರ್ಮಿಕ ಸಂಘಟನೆ, ಐಎಲ್‌ಒ ಅಂತಾರಲ್ಲ ಅದು, ಮನ್ಯಾಗ ಕೆಲಸ ಮಾಡೋರ ಸಲವಾಗಿ ಒಂದು ಒಪ್ಪಂದ ಮಾಡ್ತು. ನಮ್ಮ ದೇಶ ಇನ್ನೂ ಅದಕ್ಕ ಸೇರಿಲ್ಲ.

ಇನ್ನ ಮನಿ-ಕೆಲಸ ಎರಡೂ ಅಗಲಿದ್ದು ಯಾವಾಗ? ಭೋಂಗಾ ಬಂದ ಮ್ಯಾಲ. ಗಿರಣಿ, ರೇಲ್ವೆ ವರ್ಕ್‌ಶಾಪ್ ಆದ ಮ್ಯಾಲ. ನಮ್ಮ ಹುಬ್ಬಳ್ಳಿ ವರ್ಕ್‌ಶಾಪ್ 1880ರ ದಶಕದ್ದು. ನಮ್ಮ ಮಾವನವರು ಅಲ್ಲೇ ಇದ್ರು. ಭೋಂಗಾ ಆದ್ರ ಸೈಕಲ್ ಹತ್ತಬೇಕು, ಸಂಜಿ ಭೋಂಗಾ ಆದ್ರ ಚಹಾಕ್ಕ ಇಡಬೇಕು. ನಮ್ಮ ಅತ್ತಿಯವರಿಗೆ ಗಡಿಯಾರನ ಬೇಕಾಗಿರಲಿಲ್ಲ. 1948ರ ಕಾರ್ಖಾನೆ ಕಾಯದೆಯೊಳಗ ದಿನಕ್ಕ 9 ತಾಸು, ವಾರಕ್ಕ 48 ತಾಸು, ಅದಕ್ಕೂ ಹೆಚ್ಚಿಗೆ ಮಾಡಿಸಿದ್ರ ಓವರ್‌ಟೈಮ್ ದುಪ್ಪಟ್ಟು ಅಂತ ಬರದಿತ್ತು. ಮಾವನವರು ಮನಿಗೆ ಬಂದು ಕೈಕಾಲು ತೊಳಕೊಂಡ್ರಂದ್ರ ವರ್ಕ್‌ಶಾಪ್ ಅಲ್ಲಿಗೆ ಬಂದ್ ಆದಂಗ, ಅದು ಅವರ ಬೆನ್ನಹಿಂದ ಮನಿಗೆ ಬರ್ತಿರಲಿಲ್ಲ. ಅತ್ತಿಯವರಿಗೆ ಮಾತ್ರ ಯಾವ ಭೋಂಗಾನೂ ಇರಲಿಲ್ಲ ಅನ್ನೋದು ಬ್ಯಾರೆ ಮಾತು.

ಕಂಪ್ಯೂಟರ್ ಕೆಲಸಾ ಮನಿಗೆ ಬಂದ ಕಥಿ ಇದಕ್ಕಿಂತ ಮಜಾ ಅದ. ಇದು ಕೊರೋನಾದಾಗ ಹುಟ್ಟಿದ್ದಲ್ಲ, 1962ರಾಗನ ಇಂಗ್ಲೆಂಡದಾಗ ಸುರು ಆಗಿತ್ತು. ಅಲ್ಲೆ ಸುರು ಮಾಡಿದಾಕಿನೂ ಒಬ್ಬ ಹೆಣ್ಮಗಳು, ಸ್ಟೆಫನಿ ಶರ್ಲಿ ಅಂತ. ಜರ್ಮನಿಯೊಳಗ ಹುಟ್ಟಿದಾಕಿ. ಹಿಟ್ಲರನ ಕಾಲಕ್ಕ ಯಹೂದಿ ಮಕ್ಕಳನ್ನ ಉಳಿಸ್ಲಿಕ್ಕೆ ರೈಲಿನ್ಯಾಗ ಇಂಗ್ಲೆಂಡಿಗೆ ಕಳಿಸ್ತಿದ್ರಲ್ಲ, ಹಂಗ 1939ರಾಗ ಐದು ವರ್ಷದ ಕೂಸು ಅಕ್ಕನ ಕೈ ಹಿಡಕೊಂಡು ಬಂದಿತ್ತು. ದೊಡ್ಡಾಕಿ ಆಗಿ ಪೋಸ್ಟ್ ಆಫೀಸಿನ ಸಂಶೋಧನಾ ಕೇಂದ್ರದಾಗ ಕಂಪ್ಯೂಟರ್ ಕೆಲಸಕ್ಕ ಸೇರಿದ್ಲು. ಎಷ್ಟ ಶ್ಯಾಣ್ಯಾಕಿ ಇದ್ರೂ ಹೆಣ್ಮಗಳು ಅಂತ ಒಂದು ಮಟ್ಟದ ಮ್ಯಾಲ ಏರಗೊಡಲಿಲ್ಲ. ಆವಾಗ ಆರು ಪೌಂಡ್ ಬಂಡವಾಳ ಇಟ್ಟು ತನ್ನ ಮನ್ಯಾಗ ಊಟದ ಮೇಜಿನ ಮ್ಯಾಲ ಕಂಪನಿ ತಗದ್ಲು. ಹೆಸರು ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’. (ನಮ್ಮಲ್ಲೆ ಊಟದ ಮೇಜು ಅಂದ್ರ ಕೊತ್ತಂಬರಿ ಸೋಸೋ ಜಾಗಾ, ಅದಿರಲಿ.)

ಆಕಿ ಕೆಲಸಕ್ಕ ತಗೊಂಡದ್ದು ಯಾರನ್ನ? ಲಗ್ನಾ ಆಗಿ, ಹಡದು, ನೌಕರಿ ಬಿಟ್ಟು ಮನ್ಯಾಗ ಕೂತ ಕಲತ ಹೆಣ್ಮಕ್ಕಳನ್ನ. ಮೊದಲಿನ 300 ಮಂದಿಯೊಳಗ ಗಂಡಸರು ಮೂರ ಮಂದಿ ಇದ್ರಂತ. ಆವಾಗ ಮನ್ಯಾಗ ಕಂಪ್ಯೂಟರ್ ಎಲ್ಲೀದು? ಪೆನ್ಸಿಲ್ ಹಿಡದು ಹಾಳಿ ಮ್ಯಾಲ ಪ್ರೋಗ್ರಾಂ ಬರದು ಟಪಾಲಿನ್ಯಾಗ ಹಾಕೋದು. ಬೇಕಾದದ್ದು ಒಂದು ಟೆಲಿಫೋನ್ ಅಷ್ಟ. ಕಾಂಕಾರ್ಡ್ ಅಂತ ಸದ್ದಿಗಿಂತಾ ಜೋರಾಗಿ ಹಾರೋ ವಿಮಾನ ಇತ್ತಲ್ಲ, ಅದರ ಬ್ಲ್ಯಾಕ್ ಬಾಕ್ಸಿನ ಪ್ರೋಗ್ರಾಂ ಬರದವರು ಹಿಂಗ ತಮ್ಮ ತಮ್ಮ ಮನ್ಯಾಗ ಕೂತ ಈ ಹೆಣ್ಮಕ್ಕಳ.

ಆದ್ರ ನೋಡ್ರಿ, ಆವಾಗೂ ‘ಮನಿ’ ಅನ್ನೋದನ್ನ ಮುಚ್ಚಿಡಬೇಕಾಗಿತ್ತು. ಸ್ಟೆಫನಿ ಅಂತ ಸಹಿ ಮಾಡಿ ಪತ್ರಾ ಬರದ್ರ ಯಾರೂ ಉತ್ತರ ಕೊಡ್ತಿರಲಿಲ್ಲ. ಗಂಡ ಹೇಳಿದ ಅಂತ ‘ಸ್ಟೀವ್’ ಅಂತ ಸಹಿ ಮಾಡ್ಲಿಕ್ಕೆ ಹತ್ತಿದ ಮ್ಯಾಲ ಗಿರಾಕಿಗಳು ಬಂದ್ರು. ಬಂದಾಕಿ ಹೆಂಗಸು ಅಂತ ಗೊತ್ತಾಗೋದ್ರೊಳಗ ಆಕಿ ಒಳಗ ಹೋಗಿ ಕೈ ಕುಲುಕಿ ಆಗಿರ್ತಿತ್ತು. ಇನ್ನ ಫೋನಿನ್ಯಾಗ ಮಾತಾಡೋ ಹೊತ್ತಿಗೆ ಮಗಾ ಅತ್ರ? ಟೈಪ್‌ರೈಟರ್ ಹೊಡ್ಯೋ ಸದ್ದನ್ನ ಟೇಪಿನ್ಯಾಗ ಮಾಡಿಟ್ಟಿದ್ಲಂತ. ಫೋನ್ ಬಂದ ಕೂಡ್ಲೆ ಅದನ್ನ ಹಚ್ಚೋದು. ಆ ಕಡೆ ಇದ್ದವರಿಗೆ ದೊಡ್ಡ ಆಫೀಸ್ ಅಂತ ಅನಸ್ಬೇಕು. ಇದನ್ನ ಓದಿದಾಗ ನನಗ ನಗು ಬಂತು, ಆಮ್ಯಾಲ ನಮ್ಮ ಸೊಸಿ ಮೈಕ್ ಮ್ಯೂಟ್ ಮಾಡಿ, ಕೈ ಜೋಡಿಸಿ, ಕುಕ್ಕರ್ ಬಂದ್ ಮಾಡ್ರಿ ಅಂತ ನನಗ ಸನ್ನಿ ಮಾಡೋದು ನೆನಪಾತು. ಅರವತ್ತು ವರ್ಷದಾಗ ಸಾಮಾನು ಬದಲಾಗ್ಯಾವ, ಕೆಲಸ ಅದ ಅದ.

ಆಕಿ ಮಗಾ 1963ರಾಗ ಹುಟ್ಟಿದಂವ. ಅವಂಗ ಆಟಿಸಂ, ಅದೂ ಬಹಳ ಜೋರಿಂದು. ದೊಡ್ಡಂವ ಆದಂಗ ಸಂಭಾಳಸೋದು ಕಷ್ಟ ಆತು. ಕಂಪನಿ, ಮಗಾ ಎರಡನ್ನೂ ಒಂದ ಸೂರಿನ ಕೆಳಗ ತೂಗಸ್ಕೋತ ಹೋಗಿ ಕಡೀಕ ಆಕಿ ತಾನ ಕುಸದು ದವಾಖಾನಿ ಸೇರಬೇಕಾತು. ಮುಂದ ಚೇತರಿಸ್ಕೊಂಡು ಕಂಪನಿ ದೊಡ್ಡದು ಮಾಡಿದ್ಲು, ಕೆಲಸಗಾರ್ತಿಯರಿಗೆ ಪಾಲು ಕೊಟ್ಲು, ದಾನಾ ಮಾಡಿದ್ಲು, ಅದೆಲ್ಲಾ ಖರೇ. ಇನ್ನೊಂದು ಚಮತ್ಕಾರ ಅಂದ್ರ, 1975ರಾಗ ಇಂಗ್ಲೆಂಡದಾಗ ಹೆಣ್ಣು-ಗಂಡು ಭೇದಾ ಮಾಡಬಾರದು ಅಂತ ಕಾಯದೆ ಬಂತು. ಅದರಿಂದ ಹೆಣ್ಮಕ್ಕಳನ್ನಷ್ಟ ತಗೋತೀವಿ ಅನ್ನೋ ಆಕಿ ನಿಯಮನ ಕಾಯದೆಗೆ ವಿರುದ್ಧ ಆತು! ಗಂಡಸರನ್ನೂ ತಗೋಬೇಕಾತು.

ಅಮೆರಿಕಾದಾಗ ಇದು ಬಂದದ್ದು ಬ್ಯಾರೆ ಕಾರಣಕ್ಕ. 1973ರಾಗ ಜ್ಯಾಕ್ ನಿಲ್ಸ್ ಅನ್ನೋ ಎಂಜಿನಿಯರ್ ಲಾಸ್ ಏಂಜಲೀಸಿನ ಟ್ರಾಫಿಕ್ ನೋಡಿ ಬ್ಯಾಸತ್ತು, ಮಂದಿ ಕೆಲಸದ ಕಡೆ ಹೋಗೋ ಬದಲಿ ಕೆಲಸಾನ ತಂತಿ ಮ್ಯಾಲ ಮಂದಿ ಕಡೆ ಕಳಿಸಿದ್ರ ಹೆಂಗ ಅಂತ ವಿಚಾರ ಮಾಡಿದ. ‘ಟೆಲಿಕಮ್ಯೂಟಿಂಗ್’ ಅನ್ನೋ ಶಬ್ದ ಅವಂದ. ಅವನ ಲೆಕ್ಕದಾಗ ಪೆಟ್ರೋಲ್ ಇತ್ತು, ರಸ್ತಾ ಇತ್ತು. ಅಡಗಿ ಮನಿ ಇರಲಿಲ್ಲ.

ನಮ್ಮ ಬೆಂಗಳೂರಿನ ಕಥಿಯೊಳಗ 1985 ಮುಖ್ಯ. ಆ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಇಲ್ಲಿ ಹುಡುಗೂರು ಮಾಡಿದ ಕೆಲಸಾನ ಉಪಗ್ರಹದ ಮ್ಯಾಲ ಅಮೆರಿಕಾಕ್ಕ ಕಳಿಸೋದು ಸುರು ಆತು. ಅಂದ್ರ, ನಮ್ಮ ಮಕ್ಕಳ ಕೆಲಸ ಅವತ್ತ ‘ದೂರದ್ದು’ ಆಗಿತ್ತು. ಕೆಲಸ ಕೊಡಾಂವ ಏಳು ಸಮುದ್ರದಾಚೆ, ಅವಂಗ ಮುಂಜಾನೆ ಆದಾಗ ನಮಗ ರಾತ್ರಿ. ರಾತ್ರಿ ಒಂಬತ್ತರ ಮೀಟಿಂಗ್ ಕೊರೋನಾ ತಂದದ್ದಲ್ಲ, ಆ ಹೊತ್ತಿನ ಫರಕಿನಿಂದ ಹುಟ್ಟಿದ್ದು. ಆದ್ರ ಆವಾಗ ಆ ಮೀಟಿಂಗ್ ಆಫೀಸಿನ್ಯಾಗ ಮುಗಿಸಿ ಕ್ಯಾಬ್ ಹತ್ತಿ ಬರ್ತಿದ್ರು. 2020ರಾಗ ಅದ ಮೀಟಿಂಗ್ ಮಲಗೋ ಖೋಲಿಗೆ ಬಂತು. ಬೆಂಗಳೂರಾಗ ದಿನಾ ಎರಡು-ಮೂರು ತಾಸು ಬಸ್ಸಿನ್ಯಾಗ ಕೂಡೋದು ಉಳೀತು ಅಂತ ಹುಡುಗೂರು ಖುಷಿ ಪಟ್ರು, ಆ ಖುಷಿ ಖೊಟ್ಟಿ ಅಲ್ಲ. ಆದ್ರ ಉಳದ ಎರಡು-ಮೂರು ತಾಸು ಮಾಯ ಆಗ್ಲಿಕ್ಕೆ ಆರು ತಿಂಗಳೂ ಬೇಕಾಗಲಿಲ್ಲ. ಮುಂಜಾನೆ ಆಫೀಸ್ ಬೇಗ ಸುರು ಆತು, ಸಂಜಿಗೆ ತಡಾ ಮುಗೀತು, ಮಧ್ಯಾಹ್ನದ ಊಟ ಕಂಪ್ಯೂಟರ್ ಮುಂದ ಆತು.

ಕೊರೋನಾಕ್ಕಿಂತಾ ಹತ್ತು ವರ್ಷ ಮೊದಲ ಚೀನಾದವರು ಇದನ್ನ ಪರೀಕ್ಷಾ ಮಾಡಿ ನೋಡಿದ್ರು. ಶಾಂಘೈಯೊಳಗ ಸೀಟ್ರಿಪ್ ಅಂತ ಟಿಕೀಟು, ಹೋಟೆಲ್ ಬುಕ್ ಮಾಡಿಕೊಡೋ ದೊಡ್ಡ ಕಂಪನಿ. 2010-11ರಾಗ ಅಲ್ಲಿನ ಕಾಲ್ ಸೆಂಟರಿನ್ಯಾಗ ಮನಿಯಿಂದ ಕೆಲಸ ಮಾಡ್ತೀವಿ ಅಂದವರನ್ನ ಹುಟ್ಟಿದ ತಾರೀಖಿನ ಮ್ಯಾಲ ಎರಡು ಭಾಗಾ ಮಾಡಿದ್ರು. ಸಮ ತಾರೀಖಿನವರು ವಾರದಾಗ ನಾಲ್ಕು ದಿನ ಮನಿಯಿಂದ, ಬೆಸ ತಾರೀಖಿನವರು ಆಫೀಸಿಂದ, ಹಿಂಗ ಒಂಬತ್ತು ತಿಂಗಳು. ಸ್ಟ್ಯಾನ್‌ಫರ್ಡಿನ ನಿಕೋಲಸ್ ಬ್ಲೂಮ್ ಮತ್ತ ಅವರ ಜೊತಿಯವರು ಲೆಕ್ಕಾ ಹಿಡದ್ರು. ಮನಿಯಿಂದ ಮಾಡಿದವರ ಕೆಲಸ ಶೇ. 13 ಹೆಚ್ಚಾಗಿತ್ತು, ನೌಕರಿ ಬಿಟ್ಟು ಹೋಗೋರ ಸಂಖ್ಯಾ ಅರ್ಧಕ್ಕ ಇಳದಿತ್ತು. ಇಲ್ಲಿ ತನಕ ಓದಿ ಕಂಪನಿಯವರು ಚಪ್ಪಾಳಿ ಹೊಡೀತಾರ. ಮುಂದಿಂದು ಕೇಳ್ರಿ. ಪರೀಕ್ಷಾ ಮುಗದ ಮ್ಯಾಲ ಯಾರಿಗೆ ಎಲ್ಲೆ ಬೇಕೋ ಅಲ್ಲೆ ಮಾಡ್ರಿ ಅಂದ್ರ, ಮನ್ಯಾಗಿದ್ದವರೊಳಗ ಸುಮಾರು ಅರ್ಧಾ ಮಂದಿ ಆಫೀಸಿಗೆ ವಾಪಸ್ ಹೋದ್ರು. ಒಬ್ಬಂಟಿ ಆಗಿ ಕೂತು ಮನಸ್ಸಿಗೆ ಸೇರಲಿಲ್ಲ ಅಂತ. ಇನ್ನೊಂದು ಮಾತು, ಈ ಪರೀಕ್ಷಾಕ್ಕ ಸೇರಬೇಕಂದ್ರ ಮನ್ಯಾಗ ಕೆಲಸಕ್ಕ ಒಂದು ಬ್ಯಾರೆ ಖೋಲಿ ಇರಬೇಕು, ಆ ಹೊತ್ತಿಗೆ ಅದರಾಗ ಯಾರೂ ಇರಬಾರದು ಅಂತ ನಿಯಮ ಇತ್ತು.

ಬ್ಯಾರೆ ಖೋಲಿ! 2020ರಾಗ ನಮ್ಮ ಮನಿಗಳೊಳಗ ಯಾರಿಗಿತ್ತು ಹೇಳ್ರಿ? ನಮ್ಮಲ್ಲೆ ಎರಡು ಖೋಲಿ, ಒಂದು ಪಡಸಾಲಿ. ಮಗಾನೂ ಕಂಪನಿ ಕೆಲಸ, ಸೊಸಿನೂ ಕಂಪನಿ ಕೆಲಸ. ಬಾಗಲಾ ಇದ್ದ ಖೋಲಿ ಮಗನಿಗೆ ಹೋತು, ಯಾರೂ ಕೂತು ಠರಾವು ಮಾಡಲಿಲ್ಲ, ತಾನ ಹೋತು. ಸೊಸಿ ಅಡಗಿ ಮನಿ ಬಾಗಲದ ಎದುರು ಮೇಜು ಹಾಕ್ಕೊಂಡ್ಲು, ಕೂಸು ಕಣ್ಣಿಗೆ ಕಾಣಸ್ತಿರ್ಲಿ ಅಂತ. ಹಾಲಿನಾಂವ ಬಂದ್ರ ಆಕಿ, ಗ್ಯಾಸ್ ಬಂದ್ರ ಆಕಿ, ಬೀಗರು ಬಂದ್ರ ಆಕಿ. “ಹೆಂಗೂ ಮನ್ಯಾಗ ಇದ್ದಾಳಲ್ಲ.” ಮಗನ ಖೋಲಿ ಬಾಗಲಾ ಮಾತ್ರ ಯಾರೂ ಬಡೀತಿರಲಿಲ್ಲ, ಅಂವ ‘ಕೆಲಸದಾಗ’ ಇದ್ದ. ಇಬ್ಬರ ಪಗಾರದಾಗ ಫರಕು ಹೆಚ್ಚು ಕಡಿಮಿ ಏನೂ ಇರಲಿಲ್ಲ. ಕಂಡಿಕಿ ಸುತ್ತೋ ಹೆಂಗಸಿಗೂ ಈಕಿಗೂ ಏನು ವ್ಯತ್ಯಾಸ ಅಂತ ನನಗ ಅನಸ್ತಿತ್ತು. ಅಲ್ಲೆ ಕಂಡಿಕಿಗೆ ಪಗಾರ ಇರಲಿಲ್ಲ. ಇಲ್ಲೆ ಪಗಾರ ಇತ್ತು, ಬಾಗಲಾ ಇರಲಿಲ್ಲ.

ಇದು ನಮ್ಮೊಂದ ಮನಿ ಕಥಿ ಅಲ್ಲ. ಕೇಂದ್ರ ಸರಕಾರದವರು ಮಂದಿ ದಿನದ ಇಪ್ಪತ್ನಾಲ್ಕು ತಾಸು ಹೆಂಗ ಕಳೀತಾರ ಅಂತ ದೇಶದ ತುಂಬ ಸರ್ವೆ ಮಾಡಿಸ್ತಾರ. 2019ರ ಸರ್ವೆದಾಗ ಮನಿ ಕೆಲಸಾ ಮಾಡೋ ಹೆಂಗಸರು ದಿನಕ್ಕ 299 ನಿಮಿಷ ಅದಕ್ಕ ಕೊಡ್ತಿದ್ರು, ಗಂಡಸರು 97 ನಿಮಿಷ. ಅದೂ ಮನಿ ಕೆಲಸಕ್ಕ ಕೈ ಹಚ್ಚೋ ಗಂಡಸರದ ಲೆಕ್ಕಾ, ಕೈ ಹಚ್ಚದವರು ಇದರಾಗ ಬರಂಗಿಲ್ಲ. ನಡುವ ಕೊರೋನಾ ಬಂತು, ಗಂಡಸರು ಮನ್ಯಾಗ ಕೂತ್ರು, ಕಸಾ ಹೊಡೀಲಿಕ್ಕೆ, ಭಾಂಡಿ ತಿಕ್ಕಲಿಕ್ಕೆ ಕಲತ್ರು ಅಂತ ಪೇಪರಿನ್ಯಾಗ ಫೋಟೋ ಎಲ್ಲಾ ಬಂದ್ವು. 2024ರಾಗ ಮತ್ತ ಸರ್ವೆ ಆತು. ಹೆಂಗಸರದು 289, ಗಂಡಸರದು 88. ಇಬ್ಬರದೂ ಇಳದದ, ಗಂಡಸರ 97ರೊಳಗೂ 9 ಕಡಿಮಿ ಆಗ್ಯದ. ಆ ಫೋಟೋದಾಗಿನ ಕಸಬರಿಗಿ ಎಲ್ಲೆ ಹೋತೋ ಗೊತ್ತಿಲ್ಲ.

ಕಾಯದೆ ಏನರೆ ಅವನೋ ಅಂತ ಕೇಳಬಹುದು. 2017ರಾಗ ನಮ್ಮಲ್ಲೆ ಬಾಣಂತಿ ರಜಾ 26 ವಾರಕ್ಕ ಏರಿಸಿದ್ರಲ್ಲ, ಅದ ತಿದ್ದುಪಡಿಯೊಳಗ ಇನ್ನೊಂದು ಸಾಲು ಸೇರಿಸ್ಯಾರ: ರಜಾ ಮುಗದ ಮ್ಯಾಲ, ಕೆಲಸ ಅಂಥಾದ್ದಿದ್ರ, ಮಾಲಕರೂ ಆಕಿನೂ ಮಾತಾಡ್ಕೊಂಡು ಮನಿಯಿಂದ ಕೆಲಸ ಮಾಡಬಹುದು. ಇದು ಬಹಳ ಮಂದಿಗೆ ಗೊತ್ತಿಲ್ಲ, ನಿಮ್ಮ ಮನಿ ಹೆಣ್ಮಕ್ಕಳಿಗೆ ಹೇಳ್ರಿ. ಆದ್ರ ಕೆಲಸದ ಹೊತ್ತು ಮುಗದ ಮ್ಯಾಲ ಫೋನ್ ಎತ್ತಬೇಕೋ ಬ್ಯಾಡೋ ಅನ್ನೋದಕ್ಕ ನಮ್ಮಲ್ಲೆ ಕೇಂದ್ರದ ಕಾಯದೆ ಇಲ್ಲ. ಫ್ರಾನ್ಸಿನವರು 2017ರಿಂದ ಅದಕ್ಕ ಹಕ್ಕು ಕೊಟ್ಟಾರ. ಪೋರ್ಚುಗಲ್‌ದವರು 2021ರಾಗ, ಹೊತ್ತು ಮೀರಿ ಕೆಲಸಗಾರರನ್ನ ಕಾಡಸೋ ಕಂಪನಿಗೆ ದಂಡಾ ಅಂದ್ರು. ಇಲ್ಲೆ 2018ರ ಕೊನಿಗೆ ಸಂಸದೆ ಸುಪ್ರಿಯಾ ಸುಳೆ ಅವರು ಲೋಕಸಭಾದಾಗ ಇಂಥಾದ್ದೊಂದು ಖಾಸಗಿ ಮಸೂದೆ ಇಟ್ಟಿದ್ರು, ಅದು ಕಾಯದೆ ಆಗಲಿಲ್ಲ.

ಅದಕ್ಕ ಸದ್ಯಕ್ಕ ಭೋಂಗಾ ನಮ್ಮ ನಮ್ಮ ಮನ್ಯಾಗ ನಾವ ಹೊಡಕೋಬೇಕಾಗ್ಯದ. ನಮ್ಮಲ್ಲೆ ಒಂದು ವರ್ಷದಿಂದ ಖೋಲಿ ಪಾಳಿ ಮ್ಯಾಲ ನಡದದ. ಸೋಮವಾರ, ಬುಧವಾರ, ಶುಕ್ರವಾರ ಬಾಗಲಾ ಇರೋ ಖೋಲಿ ಸೊಸಿದು. ಅವತ್ತು ಹಾಲು, ಗ್ಯಾಸು, ಕೊರಿಯರ್, ಕೂಸಿನ ಉಣಸೋದು ಮಗಂದು. ಮೊದಲ ವಾರ ಅಂವ ಮೀಟಿಂಗಿನ್ಯಾಗ ಇದ್ದಾಗ ಕೂಸು ಬಂದು ತೊಡಿ ಮ್ಯಾಲ ಕೂತು ಅತ್ತು, ಅವನ ಸಾಹೇಬರು ಕಂಪ್ಯೂಟರಿನ್ಯಾಗ ಅದನ್ನ ನೋಡಿ ನಕ್ಕು ಸುಮ್ನಾದ್ರಂತ. ಸೊಸಿ ಮೀಟಿಂಗಿನ್ಯಾಗ ಕೂಸು ಅತ್ತಾಗ ಹಂಗ ಯಾರೂ ನಕ್ಕಿರಲಿಲ್ಲ, “ಮನ್ಯಾಗ ಯಾರೂ ಇಲ್ಲೇನ್ರಿ” ಅಂತ ಕೇಳಿದ್ರು. ಏಳೂವರಿ ಆದ್ರ ಇಬ್ಬರ ಲ್ಯಾಪ್‌ಟಾಪೂ ಬಂದ್ ಆಗಬೇಕು ಅಂತ ಮಾಡ್ಕೊಂಡೇವಿ, ವಾರದಾಗ ಎರಡು ದಿನ ಮೀರತದ, ಉಳದ ದಿನ ನಡೀತದ. ಸಂಜಿ ಅಡಗಿ ಮೂರು ಮಂದಿ ಹಂಚ್ಕೊಂಡೇವಿ. ಮಗಾ ಮಾಡೋ ಸಾರಿಗೆ ಹುಣಸಿಹಣ್ಣು ಜಾಸ್ತಿ ಬೀಳತದ. ಯಾರೂ ಏನೂ ಅನ್ನಂಗಿಲ್ಲ, ಸುಮ್ನ ಉಣತೇವಿ.

ಈಗ ಸೊಸಿ ಕಂಪನಿಯಿಂದ ಪತ್ರಾ ಬಂದದ, ಬರೋ ತಿಂಗಳಿಂದ ವಾರದಾಗ ಮೂರು ದಿನ ಬೆಂಗಳೂರಿನ ಆಫೀಸಿಗೆ ಬರಬೇಕಂತ. ಆಫೀಸಿನ್ಯಾಗ ನಾಲ್ಕು ಮಂದಿ ನಡುವ ಕೂಡಬೇಕು ಅಂತ ಆಕಿಗೂ ಆಶಾ ಅದ, ಬಡ್ತಿ ಮಾತೂ ಅದರಾಗ ಅದ. ಮನಿ ಬಿಟ್ಟು ಹೋಗ್ಲಿಕ್ಕೆ ಸಂಕಟನೂ ಅದ. “ಹುಡಗಿ ನೌಕರಿ ಬಿಟ್ರಾತು ಬಿಡ್ರಿ” ಅಂತ ಮೊನ್ನೆ ಫೋನಿನ್ಯಾಗ ಇಬ್ಬರು ಹೇಳಿದ್ರು. ಮಗನ ಕಂಪನಿ ಇನ್ನೂ ಮನಿಯಿಂದನ ಮಾಡು ಅಂತದ. ಹಂಗಿದ್ದ ಮ್ಯಾಲ ಕೂಸು ಅಂವನ ಹತ್ರ ಇದ್ರ ಆಗಂಗಿಲ್ಲೇನು ಅಂತ ನಾ ಕೇಳೇನಿ. ಅಂವ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತನೂ ಅಂದಿಲ್ಲ. ಐತವಾರ ಎಲ್ಲಾರೂ ಕೂತು ಮಾತಾಡೋದದ.